ಉಷ್ಣ ಕಣೇ, ಅಷ್ಟೇ

ಬೆಂಗಳೂರಿನಿಂದ ತಿಪಟೂರಿಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಮೂರೂವರೆ ಗಂಟೆ. ಹೋಗುವ ದಿನ ಬೆಳಿಗ್ಗೆಯಿಂದಲೇ ನಾನು ನೀರು ಕುಡಿಯುವುದನ್ನು ನಿಲ್ಲಿಸುತ್ತೇನೆ. ನಿಲ್ಲಿಸುತ್ತಿದ್ದೆ ಅನ್ನಬೇಕು. ಇದನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅಮ್ಮ ಹಾಗೆ ಮಾಡುತ್ತಿದ್ದಳು, ಅಕ್ಕ ಹಾಗೆ ಮಾಡುತ್ತಿದ್ದಳು, ನಾನೂ ಮಾಡಿದೆ. ತುಮಕೂರಿನಲ್ಲಿ ಬಸ್ಸು ನಿಲ್ಲುತ್ತದೆ, ಇಂಜಿನ್ ಮಾತ್ರ ಆರುವುದಿಲ್ಲ. ಇಳಿದು, ಶೌಚಾಲಯ ಹುಡುಕಿ, ಚಿಲ್ಲರೆ ಕೊಟ್ಟು ಬರುವಷ್ಟರಲ್ಲಿ ಬಸ್ಸು ಹೊರಟುಬಿಟ್ಟರೆ? ಬ್ಯಾಗು ಮೇಲಿದೆ. ಗಂಡಸರು ಇಳಿಯುತ್ತಾರೆ, ಯಾವುದೋ ಗೋಡೆ ಕಡೆ ನಡೆಯುತ್ತಾರೆ, ಪ್ಯಾಂಟು ಸರಿಮಾಡಿಕೊಳ್ಳುತ್ತ ವಾಪಸ್ ಹತ್ತುತ್ತಾರೆ. ನಾವು ಕಿಟಕಿಯಿಂದ ಕಡಲೆಕಾಯಿ ಪೊಟ್ಟಣ ತಗೊಂಡು ಕೂತಲ್ಲೇ ಕೂತಿರುತ್ತೇವೆ.

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೀಗೇ ಹೊರಟಿದ್ದೆ. ಅದಕ್ಕೂ ಮುಂಚಿನ ಎರಡು ದಿನ ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಅಲ್ಲೂ ಸೀಟು ಬಿಟ್ಟು ಎದ್ದವಳಲ್ಲ. ಊರು ತಲುಪಿ, ಕೈಕಾಲು ತೊಳೆದು, ಒಂದಕ್ಕೆ ಅಂತ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಬಂದದ್ದು ನಾಲ್ಕು ಹನಿ. ಹೊರಗೆ ಬಂದು ಐದು ನಿಮಿಷ ಆಗಿಲ್ಲ, ಮತ್ತೆ ಅವಸರ. ಮತ್ತೆ ನಾಲ್ಕು ಹನಿ. ಮನೆ ತುಂಬ ನೆಂಟರು, ಇದ್ದದ್ದು ಒಂದೇ ಟಾಯ್ಲೆಟ್, ಅದರ ಮುಂದೆ ಸಾಲು. ಮೂರನೇ ಸಲ ಹೋಗುವಾಗ ಅಮ್ಮ ಕಣ್ಣಲ್ಲೇ ಏನು ಅಂತ ಕೇಳಿದಳು. ಕಿವಿಯಲ್ಲಿ ಹೇಳಿದೆ.

"ಉಷ್ಣ ಕಣೇ, ಅಷ್ಟೇ. ಬಿಸಿಲಲ್ಲಿ ಬಂದಿದ್ದೀಯಲ್ಲ."

ಅರ್ಧ ಗಂಟೆಯಲ್ಲಿ ಉಪಚಾರ ಶುರುವಾಯಿತು. ಕೊತ್ತಂಬರಿ ಬೀಜ, ಜೀರಿಗೆ ಕುದಿಸಿ ಆರಿಸಿದ ನೀರು. ಆಮೇಲೆ ಬಾರ್ಲಿ ನೀರು. ದೊಡ್ಡಮ್ಮ ಹೊಕ್ಕುಳಿಗೆ ಹರಳೆಣ್ಣೆ ಸವರಿದರು. ಇನ್ಯಾರೋ ಎಲೆ ಅಡಿಕೆ ತಟ್ಟೆಯಿಂದ ಚೂರು ಸುಣ್ಣ ತೆಗೆದು ಕಾಲಿನ ಹೆಬ್ಬೆರಳ ಉಗುರಿಗೆ ಹಚ್ಚಿದರು. ಅಣ್ಣ ಆಳನ್ನು ಮರ ಹತ್ತಿಸಿ ಎಳನೀರು ಕೀಳಿಸಿದ. ತಿಪಟೂರು ಸೀಮೆಯಲ್ಲಿ ಇದು ಸಣ್ಣ ಪ್ರೀತಿ ಅಲ್ಲ. ಕೊಬ್ಬರಿ ಆಗಬೇಕಾದ ಕಾಯನ್ನು ಎಳೆಯದರಲ್ಲೇ ಇಳಿಸುವುದೆಂದರೆ ನಮ್ಮ ಕಡೆ ತೋಟದವರಿಗೆ ಅದೇ ಒಂದು ಉರಿ.

ಇದನ್ನೆಲ್ಲ ಗೇಲಿ ಮಾಡಲು ನನಗೆ ಮನಸ್ಸಿಲ್ಲ. ನೀರು ಕಡಿಮೆ ಕುಡಿದಾಗ ಮೂತ್ರ ಕಡುಹಳದಿಯಾಗುತ್ತದೆ, ಹೋಗುವಾಗ ಚುರುಗುಟ್ಟುತ್ತದೆ. ಅದಕ್ಕೆ ನೀರೇ ಮದ್ದು. ಬರೀ ನೀರು ಕುಡಿ ಅಂದರೆ ಯಾರು ಕುಡಿಯುತ್ತಾರೆ? ಎರಡು ಚಮಚ ಕೊತ್ತಂಬರಿ ಹಾಕಿ ಕೊಟ್ಟರೆ ಔಷಧಿ ಅಂದುಕೊಂಡು ಮೂರು ಲೋಟ ಒಳಗೆ ಹೋಗುತ್ತದೆ. ನಮ್ಮ ಅಜ್ಜಿಯರ ಜಾಣತನ ಅಲ್ಲಿದೆ ಅಂತ ನನ್ನ ಗುಮಾನಿ. ಈಚೆಗೆ ಓದಿದ್ದು: 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಆರಿಸಿ, ಅರ್ಧ ಜನಕ್ಕೆ ದಿನಾ 1.5 ಲೀಟರ್ ನೀರು ಜಾಸ್ತಿ ಕುಡಿಯಲು ಹೇಳಿದರು. ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಜಾಸ್ತಿ ಕುಡಿದವರಿಗೆ ಸರಾಸರಿ 1.7 ಸಲ ಸೋಂಕಾಗಿತ್ತು, ಮಿಕ್ಕವರಿಗೆ 3.2 ಸಲ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದರೆ ಇದು ಸೋಂಕು ಬರದ ಹಾಗೆ ನೋಡಿಕೊಳ್ಳುವ ಮಾತು. ಬಂದು ಬೇರೂರಿದ ಸೋಂಕು ನೀರಿಗೆ ಜಗ್ಗಲೇಬೇಕು ಅಂತಿಲ್ಲ.

ನನ್ನದು ಜಗ್ಗಲಿಲ್ಲ. ಸುಣ್ಣ ಉಗುರನ್ನು ಬೆಳ್ಳಗೆ ಮಾಡಿತು, ಅಷ್ಟೇ.

ಬೆಂಗಳೂರಿಗೆ ಬಂದವಳು ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋದದ್ದು ಮೆಡಿಕಲ್ ಶಾಪಿಗೆ. ಅಂಗಡಿಯಲ್ಲಿ ಇನ್ನಿಬ್ಬರು ಗಂಡಸರು ನಿಂತಿದ್ದರು. ಅವರು ಹೋಗುವ ತನಕ ಪೇಸ್ಟು, ಸೋಪು ನೋಡುತ್ತ ನಿಂತೆ. ಆಮೇಲೆ ಮೆಲ್ಲಗೆ ಹೇಳಿದೆ. ಹುಡುಗ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಒಂದು ಸಿರಪ್ ಬಾಟಲಿ ಇಟ್ಟ. ನೀರಿಗೆ ಬೆರೆಸಿ ಕುಡಿಯುವಂಥದ್ದು, ಮೂತ್ರದ ಹುಳಿ ಕಡಿಮೆ ಮಾಡುತ್ತದೆ. ಉರಿ ಇಳಿಯಿತು. ಮನೆಯಲ್ಲಿ ಗಂಡನ ಹಲ್ಲುನೋವಿಗೋ ಭೇದಿಗೋ ತಂದು ಉಳಿದಿದ್ದ ಆ್ಯಂಟಿಬಯಾಟಿಕ್ ಸ್ಟ್ರಿಪ್ಪು ಇತ್ತು, ಹಿಂದೆ ಕೆಂಪು ಗೆರೆ ಇರುವಂಥದ್ದು. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬೇಡಿ ಅಂತಲೇ ಆ ಗೆರೆ ಹಾಕಿರುವುದು. ಅದರಲ್ಲಿ ಮೂರು ಮಾತ್ರೆ ಇತ್ತು, ಮೂರನ್ನೂ ನುಂಗಿದೆ. ಎರಡು ದಿನ ಆರಾಮ. ಅಮ್ಮ ಸರಿ, ಬರೀ ಉಷ್ಣ ಅಂದುಕೊಂಡೆ.

ಆರನೇ ದಿನ ಸಂಜೆ ಆಫೀಸಿನಲ್ಲೇ ಚಳಿ ಹತ್ತಿತು. ಹಲ್ಲು ಕಟಕಟ ಅನ್ನುವ ಚಳಿ. ಬೆನ್ನಿನ ಬಲಗಡೆ, ಪಕ್ಕೆಲುಬಿನ ಕೆಳಗೆ, ಯಾರೋ ಗುದ್ದಿದ ಹಾಗೆ ನೋವು. ರಾತ್ರಿ ಜ್ವರ 103. ಕುಡಿದ ನೀರೂ ವಾಂತಿ.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ನೋವಿದ್ದ ಜಾಗದ ಮೇಲೆ ಮೆಲ್ಲಗೆ ತಟ್ಟಿದರು. ನಾನು ಮಂಚದಿಂದ ಎದ್ದು ಕೂತೆ. "ಕೆಳಗಿದ್ದದ್ದು ಕಿಡ್ನಿವರೆಗೂ ಹತ್ತಿದೆ. ಎಷ್ಟು ದಿನ ಆಯ್ತು?" ಅಂದರು. ಆರು ದಿನ ಅನ್ನಲು ನಾಚಿಕೆಯಾಯಿತು. ಮಾತ್ರೆ ವಿಷಯ ಹೇಳಲು ಇನ್ನೂ ನಾಚಿಕೆಯಾಯಿತು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಬಹುಶಃ ಇಷ್ಟು ನೆನಪಿರುತ್ತಿರಲಿಲ್ಲ.

ಮಲಗಿಕೊಂಡೇ ಕಲಿತದ್ದು ತುಂಬ. ಇಂಥ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯ. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯ ಇದನ್ನು ಕೂಸುಗಳ ಮಲದಲ್ಲಿ ಕಂಡು ವಿವರಿಸಿದ. ಅದು ನಮ್ಮೆಲ್ಲರ ಕರುಳಿನಲ್ಲೂ ಇರುತ್ತದೆ, ಅಲ್ಲಿದ್ದರೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಜಾಗ ಬಿಟ್ಟು ಮುಂದಕ್ಕೆ ಬಂದು ಮೂತ್ರನಾಳ ಹತ್ತಿದರೆ ಮಾತ್ರ ಫಜೀತಿ. ಗಂಡಸರಲ್ಲಿ ಆ ನಾಳ ಸುಮಾರು 20 ಸೆಂಟಿಮೀಟರ್ ಉದ್ದ. ನಮ್ಮಲ್ಲಿ ಬರೀ 4. ಅಂದರೆ ನನ್ನ ಕಿರುಬೆರಳಿಗಿಂತ ಗಿಡ್ಡ. ಜೊತೆಗೆ ಮಲದ್ವಾರಕ್ಕೆ ಹತ್ತಿರ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರಂತೆ. ವಾರ್ಡಿನಲ್ಲಿದ್ದ ನರ್ಸು, ಆಯಾ, ನನ್ನನ್ನು ನೋಡಲು ಬಂದ ಮೂವರು ಸಹೋದ್ಯೋಗಿಗಳು, ಎಲ್ಲರಿಗೂ ಆಗಿತ್ತು. ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ.

ಪರೀಕ್ಷೆಗೆ ಮೂತ್ರ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ಸ್ವಲ್ಪ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಇಲ್ಲದಿದ್ದರೆ ಚರ್ಮದ ಮೇಲಿನ ಕೊಳೆಯೆಲ್ಲ ಸೇರಿ ರಿಪೋರ್ಟ್ ಕೆಡುತ್ತದೆ. ಯಾವ ಬ್ಯಾಕ್ಟೀರಿಯ, ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಕಲ್ಚರ್ ಪರೀಕ್ಷೆಯ ರಿಪೋರ್ಟ್ ಬರಲು ಎರಡು ಮೂರು ದಿನ. ಮಾತ್ರೆ ಶುರು ಮಾಡುವ ಮೊದಲೇ ಮೂತ್ರ ಕೊಟ್ಟಿದ್ದರೆ ಚೆನ್ನಾಗಿತ್ತು ಅಂದರು. ರಿಪೋರ್ಟ್ ನೋಡಲು ಮಾರ್ಕ್ಸ್ ಕಾರ್ಡ್ ಹಾಗೇ ಇತ್ತು. ಎಡಕ್ಕೆ ಔಷಧಿಗಳ ಹೆಸರು, ಬಲಕ್ಕೆ ಎಸ್ ಅಥವಾ ಆರ್. ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯ ಬಗ್ಗುತ್ತದೆ. ಆರ್ ಅಂದರೆ ಬಗ್ಗುವುದಿಲ್ಲ. ನಾನು ನುಂಗಿದ್ದ ಸಿಪ್ರೋಫ್ಲಾಕ್ಸಾಸಿನ್ ಎದುರಿಗೆ ಆರ್ ಇತ್ತು. ಇನ್ನೂ ಐದಾರು ಹೆಸರುಗಳ ಎದುರಿಗೂ. ನಮ್ಮ ದೇಶದಲ್ಲಿ ಇದೇನೂ ಅಪರೂಪ ಅಲ್ಲವಂತೆ. ನನ್ನ ಹಾಗೆ ಮೂರು ಮಾತ್ರೆ ನುಂಗಿ ಬಿಟ್ಟವರ ಕೊಡುಗೆ ಅದರಲ್ಲಿ ಸಾಕಷ್ಟಿದೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ನೈಟ್ರೋಫ್ಯುರಾಂಟಾಯಿನ್ ಅನ್ನುವ ಹಳೆಯ ಮಾತ್ರೆ ಇದೆ. ಮೂತ್ರಕೋಶದ ಸೋಂಕಿಗೆ ಈಗಲೂ ಒಳ್ಳೆಯದು. ಆದರೆ ಅದೇ ಸೋಂಕು ಕಿಡ್ನಿಗೆ ಏರಿದರೆ ಅದು ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಕಿಡ್ನಿಯ ಒಳಗೆ ಬೇಕಾದಷ್ಟು ಮಟ್ಟಕ್ಕೆ ಅದು ಏರುವುದೇ ಇಲ್ಲ. ಒಂದೇ ಬ್ಯಾಕ್ಟೀರಿಯ, ಒಂದು ಗೇಣು ಮೇಲೆ ಹೋದರೆ ಬೇರೆ ಔಷಧಿ. ಅಕ್ಕನಿಗೆ ಕೊಟ್ಟ ಮಾತ್ರೆ ತಂಗಿಗೆ ಆಗುವುದಿಲ್ಲ ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ನನಗೆ ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ. ನಾಲ್ಕು ದಿನ ಆಸ್ಪತ್ರೆ, ಹದಿನೈದು ದಿನ ಸುಸ್ತು.

ಬಿಡುಗಡೆಯ ದಿನ ಡಾಕ್ಟರಮ್ಮ ಒಂದು ಮಾತು ಕೇಳಿದರು: "ಉಷ್ಣ ಅಂತೀರಲ್ಲ, ಉಷ್ಣ ಅಂದ್ರೆ ಏನು?" ನನಗೆ ಉತ್ತರ ಹೊಳೆಯಲಿಲ್ಲ. ಕಣ್ಣು ಕೆಂಪಾದರೆ ಉಷ್ಣ, ಬಾಯಿಹುಣ್ಣಾದರೆ ಉಷ್ಣ, ಗುಳ್ಳೆ ಎದ್ದರೆ ಉಷ್ಣ, ಮೂತ್ರ ಉರಿದರೆ ಉಷ್ಣ. ಬೀದಿ ಕೊನೆಯ ಅಂಗಡಿಯಲ್ಲಿ ಎಲ್ಲ ಸಾಮಾನಿಗೂ ಒಂದೇ ಚೀಲ ಇದ್ದ ಹಾಗೆ. ಚೀಲದ ಬಾಯಿ ಕಟ್ಟಿದರೆ ಒಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಒಂದು ರೀತಿಯಲ್ಲಿ ಅದು ಅನುಕೂಲ. ಮನೆ ತುಂಬ ನೆಂಟರಿರುವಾಗ "ಉಷ್ಣ ಆಗಿದೆ" ಅಂದರೆ ಯಾರಿಗೂ ಮುಜುಗರ ಇಲ್ಲ, ಅಲ್ವಾ?

ಆಮೇಲೆ ನಮ್ಮ ಸುತ್ತಲಿನವರ "ಉಷ್ಣ"ವನ್ನು ಬಿಚ್ಚಿ ನೋಡುವ ಚಟ ನನಗೆ ಹತ್ತಿತು. ಚಿಕ್ಕಮ್ಮನಿಗೆ ಐವತ್ತಾರು. ಎರಡು ವರ್ಷದಿಂದ ಉರಿ, ಅವಸರ, ಆಗಾಗ ಸೋಂಕು. ಪ್ರತಿ ಸಲವೂ ಬಾರ್ಲಿ. ಸ್ತ್ರೀರೋಗ ತಜ್ಞರಿಗೆ ತೋರಿಸಿದಾಗ ತಿಳಿದದ್ದು: ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಅಲ್ಲಿನ ಚರ್ಮ ತೆಳುವಾಗಿ ಒಣಗುತ್ತದೆ, ಉರಿಯೂ ಸೋಂಕೂ ಅದರಿಂದಲೇ ಜಾಸ್ತಿ. ಒಳಗೆ ಹಚ್ಚುವ ಒಂದು ಕ್ರೀಮ್ ಬರೆದುಕೊಟ್ಟರು. ಚಿಕ್ಕಮ್ಮ ಅದನ್ನು ಫ್ರಿಜ್ಜಿನ ಹಿಂದೆ ಬಚ್ಚಿಟ್ಟು ಬಳಸಿದರು, ಆದರೆ ಬಳಸಿದರು. ಪಕ್ಕದ ಮನೆ ಹುಡುಗನ ಉಷ್ಣ ಕಿಡ್ನಿ ಕಲ್ಲು. ನೋವು ಸೊಂಟದ ಹಿಂದಿನಿಂದ ಶುರುವಾಗಿ ತೊಡೆಸಂದಿಗೆ ಇಳಿಯುತ್ತಿತ್ತು, ಆ ನೋವಿಗೆ ಒಂದು ಕಡೆ ಕೂರಲೂ ಆಗದೆ ಒದ್ದಾಡುತ್ತಿದ್ದ. ಆಫೀಸಿನ ಒಬ್ಬರು ಗಂಟೆಗೊಮ್ಮೆ ಎದ್ದು ಹೋಗುತ್ತಿದ್ದರು, ಬಾಯಾರಿಕೆ ಬೇರೆ. ಉರಿ ಇರಲಿಲ್ಲ. ಅದು ಸಕ್ಕರೆ ಕಾಯಿಲೆ. ಇನ್ನೊಬ್ಬ ಗೆಳತಿಗೆ ಬಿಳಿಸೆರಗು, ತುರಿಕೆ. ಮೂತ್ರ ಹೊರಗಿನ ಚರ್ಮಕ್ಕೆ ತಗುಲಿದಾಗ ಉರಿಯುತ್ತಿತ್ತು, ಒಳಗಲ್ಲ. ಈ ವ್ಯತ್ಯಾಸ ಡಾಕ್ಟರಿಗೆ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಲೈಂಗಿಕವಾಗಿ ಹರಡುವ ಸೋಂಕಿನಿಂದಲೂ ಹೀಗೇ ಉರಿಯುತ್ತದೆ. ಅಲ್ಲಿ ಒಬ್ಬರೇ ಔಷಧಿ ತಗೊಂಡರೆ ಸಾಲದು, ಜೋಡಿಯೂ ತೋರಿಸಿಕೊಳ್ಳಬೇಕು. ಈ ಮಾತನ್ನು ನಮ್ಮ ಮನೆಗಳಲ್ಲಿ ಯಾವ ಬಾಯಲ್ಲಿ ಹೇಳುವುದು ಅನ್ನುವುದು ಬೇರೆ ಪ್ರಶ್ನೆ.

ಹಾಗಾದರೆ ಉರಿದ ಕೂಡಲೇ ಆಸ್ಪತ್ರೆಗೆ ಓಡಬೇಕಾ? ನನ್ನ ಗೆಳತಿಯರು ಕೇಳುವುದೇ ಇದನ್ನು. ನಾನು ಡಾಕ್ಟರಲ್ಲ, ಡಾಕ್ಟರಮ್ಮ ನನಗೆ ಹೇಳಿದ್ದನ್ನು ಹೇಳುತ್ತೇನೆ. ಆರೋಗ್ಯವಾಗಿರುವ, ಬಸುರಿಯಲ್ಲದ ಹೆಂಗಸಿಗೆ ಸ್ವಲ್ಪ ಉರಿ ಮಾತ್ರ ಇದ್ದು ಜ್ವರ, ಬೆನ್ನುನೋವು ಏನೂ ಇಲ್ಲದಿದ್ದರೆ ಒಂದೆರಡು ದಿನ ಚೆನ್ನಾಗಿ ನೀರು ಕುಡಿದು ನೋಡುವುದು ತಪ್ಪಲ್ಲ. ಇಳಿಯದಿದ್ದರೆ, ಜಾಸ್ತಿಯಾದರೆ, ವರ್ಷದಲ್ಲಿ ಮತ್ತೆ ಮತ್ತೆ ಬಂದರೆ ತೋರಿಸಬೇಕು. ಚಳಿಜ್ವರ, ಪಕ್ಕೆ ಕೆಳಗಿನ ನೋವು, ವಾಂತಿ ಬಂದರೆ ಅದೇ ದಿನ ಹೋಗಬೇಕು. ನನ್ನ ಹಾಗೆ ರಾತ್ರಿ ಕಾಯಬಾರದು.

ಬಸುರಿಯರ ವಿಷಯದಲ್ಲಿ ಒಂದು ದಿನವೂ ಕಾಯುವ ಮಾತಿಲ್ಲ. ಅವರಿಗೆ ಉರಿಯೇ ಇಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯ ಕಂಡರೆ ಔಷಧಿ ಕೊಡುತ್ತಾರೆ, ಯಾಕೆಂದರೆ ಅದು ಕಿಡ್ನಿಗೆ ಏರುವ ಸಂಭವ ಬಸಿರಿನಲ್ಲಿ ಜಾಸ್ತಿ. ಅಂಗನವಾಡಿ ಅಕ್ಕ, ಆಶಾ ಕಾರ್ಯಕರ್ತೆ ಮೂತ್ರ ಪರೀಕ್ಷೆ ಮಾಡಿಸಿ ಅಂತ ಬೆನ್ನು ಹತ್ತುವುದು ಸುಮ್ಮನೆ ಅಲ್ಲ. ಗಂಡಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಮೂತ್ರಕ್ಕೆ ಟ್ಯೂಬು ಹಾಕಿಸಿಕೊಂಡವರಿಗೆ ಕೂಡ ಮನೆಮದ್ದಿನಲ್ಲಿ ದಿನ ಕಳೆಯುವ ಸ್ವಾತಂತ್ರ್ಯ ಇಲ್ಲ. ಸಣ್ಣ ಮಕ್ಕಳು ಉರಿ ಅಂತ ಹೇಳುವುದೇ ಇಲ್ಲ. ಕಾರಣ ಗೊತ್ತಾಗದ ಜ್ವರ, ಊಟ ಬಿಡುವುದು, ಅಭ್ಯಾಸ ತಪ್ಪಿಹೋಗಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ಹೀಗೆ ತೋರಿಸಿಕೊಳ್ಳುತ್ತವೆ. ತುಂಬ ವಯಸ್ಸಾದವರಲ್ಲಿ ಇದ್ದಕ್ಕಿದ್ದ ಹಾಗೆ ಬಡಬಡಿಸುವುದು, ಗುರುತು ತಪ್ಪುವುದು ಕಂಡರೆ "ವಯಸ್ಸಾಯ್ತು" ಅಂತ ಬಿಡಬಾರದು. ಅದರ ಹಿಂದೆ ಸೋಂಕು ಇರಬಹುದು, ಬೇರೆ ಏನಾದರೂ ಇರಬಹುದು, ಡಾಕ್ಟರು ನೋಡಲೇಬೇಕು.

ರಕ್ತದ ಬಗ್ಗೆ ಒಂದು ಮಾತು. ಬೀಟ್‌ರೂಟ್ ಪಲ್ಯ ತಿಂದ ಮಾರನೇ ದಿನ ಮೂತ್ರ ಕೆಂಪಗಾಗಿ ನಮ್ಮ ಯಜಮಾನರು ಎದೆ ಹಿಡಿದುಕೊಂಡದ್ದುಂಟು. ಅದು ನಗುವ ಕಥೆ. ನಿಜವಾಗಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತರೂ, ನೋವೇ ಇಲ್ಲದಿದ್ದರೂ, ತೋರಿಸಲೇಬೇಕು. ನೋವಿಲ್ಲದ ರಕ್ತ ಮೂತ್ರಕೋಶದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ನೋವಿಲ್ಲವಲ್ಲ ಅಂತ ಸುಮ್ಮನಿರುವುದೇ ಅಲ್ಲಿ ಮೋಸ.

ಬರದ ಹಾಗೆ ಏನು ಮಾಡುವುದು ಅನ್ನುವುದರಲ್ಲಿ ದೊಡ್ಡ ವಿದ್ಯೆ ಇಲ್ಲ. ನೀರು. ತಡೆದು ಕೂರದಿರುವುದು. ತೊಳೆದುಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ. ಗಂಡ ಹೆಂಡತಿ ಸೇರಿದ ಮೇಲೆ ಒಮ್ಮೆ ಹೋಗಿ ಬನ್ನಿ ಅಂತಲೂ ಡಾಕ್ಟರು ಹೇಳುತ್ತಾರೆ. ಘಮಘಮ ಸೋಪು, ದ್ರಾವಣ ಅಲ್ಲಿಗೆ ಬೇಡ. ತಡೆದು ಕೂರಬೇಡಿ ಅನ್ನುವುದು ಹೇಳಲು ಸುಲಭ. 2019ರಲ್ಲಿ ಕೇರಳದ ಶಾಲೆಗಳ ನೀರಿನ ಗಂಟೆ ಸುದ್ದಿಯಾಗಿ ನಮ್ಮಲ್ಲೂ ಬಂತು. ಗಂಟೆ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ಒಳ್ಳೆಯದೇ. ನನ್ನ ಮಗಳು ಆಗ ಆರನೇ ಕ್ಲಾಸು. ಅವಳ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಕೇಳಿದರೆ, "ಅಮ್ಮಾ, ಶಾಲೆ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ" ಅಂದಳು. ಗಂಟೆಯ ಜೊತೆ ಒಂದು ಚಿಲಕವೂ ಬೇಕಿತ್ತು.

ಈ ಎಲ್ಲ ಜ್ಞಾನ ತಲೆಯಲ್ಲಿ ತುಂಬಿಕೊಂಡು ಓಡಾಡುತ್ತಿದ್ದ ನನಗೆ ಅಪ್ಪನ ವಿಷಯ ಮಾತ್ರ ಗೊತ್ತಾಗಲಿಲ್ಲ.

ಅಪ್ಪನಿಗೆ ಎಪ್ಪತ್ತನಾಲ್ಕು. ಹೋದ ವರ್ಷ ಡಿಸೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ಅಣ್ಣನ ಫೋನು. ಸಂಜೆಯಿಂದ ಒಂದು ಹನಿಯೂ ಹೋಗಿಲ್ಲ. ಕಿಬ್ಬೊಟ್ಟೆ ಕಲ್ಲಿನ ಹಾಗೆ ಉಬ್ಬಿದೆ, ಅಪ್ಪ ಗೋಡೆ ಹಿಡಿದುಕೊಂಡು ನರಳುತ್ತಿದ್ದಾರೆ. ಅಮ್ಮ ಅಷ್ಟರಲ್ಲಿ ಎರಡು ಚೊಂಬು ಕೊತ್ತಂಬರಿ ನೀರು ಕುಡಿಸಿಯಾಗಿತ್ತು. ಹೊರಗೆ ಹೋಗಲು ದಾರಿ ಇಲ್ಲದಾಗ ಮೇಲಿನಿಂದ ತುಂಬಿಸಿದರೆ ಏನಾಗುತ್ತದೆ ಅಂತ ಯೋಚಿಸಿ. ನಾನು ಫೋನಿನಲ್ಲಿ ಕಿರುಚಿದೆ, "ಬೆಳಗಾಗೋದು ಕಾಯ್ಬೇಡ, ಈಗಲೇ ಆಸ್ಪತ್ರೆಗೆ ಹೊರಡು." ಅಲ್ಲಿ ಟ್ಯೂಬು ಹಾಕಿದ ಮೇಲೆ ಬಂದದ್ದು 900 ಎಂ.ಎಲ್. ಮೂತ್ರಕೋಶಕ್ಕೆ ಆರಾಮಾಗಿ ಹಿಡಿಸುವುದು 400ರಿಂದ 500. ನೋವು ಇಳಿದ ಮೇಲೆ ಅಪ್ಪ ಚಿಕ್ಕ ಮಗುವಿನ ಹಾಗೆ ನಿದ್ದೆ ಹೋದರಂತೆ.

ಗಂಡಸರಲ್ಲಿ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರನಾಳವನ್ನು ಒತ್ತುತ್ತಿತ್ತು. ವಯಸ್ಸಾದ ಗಂಡಸರಲ್ಲಿ ಇದು ತುಂಬ ಸಾಮಾನ್ಯ. ಆ ರಾತ್ರಿ ಪೂರ್ತಿ ಮುಚ್ಚಿಕೊಳ್ಳಲು ಕಾರಣ ಏನು ಗೊತ್ತಾ? ನೆಗಡಿ ಅಂತ ಅಂಗಡಿಯಿಂದ ತಂದು ನುಂಗಿದ ಮಾತ್ರೆ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಿಗಳು ಮೊದಲೇ ಇಕ್ಕಟ್ಟಾದ ಈ ದಾರಿಯನ್ನು ಇನ್ನೂ ಬಿಗಿ ಮಾಡುತ್ತವೆ. ಡಾಕ್ಟರು ಅದನ್ನೇ ಮೊದಲು ಕೇಳಿದ್ದು.

ಮಾರನೇ ದಿನ ನಾನು ಹೋದೆ. ಎರಡು ವರ್ಷದಿಂದ ರಾತ್ರಿ ನಾಲ್ಕು ಸಲ ಏಳುತ್ತಿದ್ದರು, ಹೋಗಿ ನಿಂತರೆ ಶುರುವಾಗಲು ಹೊತ್ತು ಹಿಡಿಯುತ್ತಿತ್ತು, ಧಾರೆ ಬಿಟ್ಟು ಬಿಟ್ಟು ಬರುತ್ತಿತ್ತು. ತೋಟದ ಬದುವಿನಲ್ಲಿ ಹೊತ್ತುಗಟ್ಟಲೆ ನಿಂತಿರುವುದನ್ನು ಅಣ್ಣ ನೋಡಿದ್ದ, ಮರ ಎಣಿಸುತ್ತಿದ್ದಾರೆ ಅಂದುಕೊಂಡಿದ್ದ.

"ನನಗೆ ಯಾಕೆ ಹೇಳಲಿಲ್ಲ ಅಪ್ಪಾ?"

"ಮಗಳ ಹತ್ರ ಹೇಳೋ ವಿಷ್ಯ ಏನಮ್ಮಾ ಇದು?"

ನಾನು ಮೆಡಿಕಲ್ ಶಾಪಿನಲ್ಲಿ ಪೇಸ್ಟು ಸೋಪು ನೋಡುತ್ತ ನಿಂತದ್ದು ನೆನಪಾಯಿತು. ಸುಮ್ಮನಾದೆ.

ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಆಯಿತು. ಕೆಲವು ದಿನದ ನಂತರ ಟ್ಯೂಬು ತೆಗೆದರು. ಈಗ ರಾತ್ರಿ ಒಂದು ಮಾತ್ರೆ, ಎದ್ದು ನಿಲ್ಲುವಾಗ ತಲೆ ಸುತ್ತಬಹುದು ಅಂತ ಮಂಚದ ಪಕ್ಕ ಒಂದು ಕೋಲು. ಏಳುವುದು ಒಂದೇ ಸಲ.

ಯಾವಾಗ ಮತ್ತು ಹೇಗೆ ಅಂತ ನನಗೆ ಗೊತ್ತಿಲ್ಲ, ನಡುವೆ ಎಲ್ಲೋ ಅಪ್ಪನ ನಾಚಿಕೆ ಹೊರಟುಹೋಗಿದೆ. ಹೋದ ತಿಂಗಳು ಊರಿಗೆ ಹೋದಾಗ ಅರಳಿಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ಎಂದಿನ ಕೊಬ್ಬರಿ ರೇಟಿನ ಮಾತಿರಲಿಲ್ಲ. ಅಪ್ಪ ಕೈಯಲ್ಲಿ ಒಂದು ಅಡಿಕೆ ಹಿಡಿದು, ಪ್ರಾಸ್ಟೇಟ್ ಮೊದಲು ಎಷ್ಟಿರುತ್ತದೆ, ಆಮೇಲೆ ಎಷ್ಟಾಗುತ್ತದೆ ಅಂತ ವಿವರಿಸುತ್ತಿದ್ದರು. ಅಡಿಕೆ ಸಾಲದೆ ಪಕ್ಕದವರ ಬುಟ್ಟಿಯಿಂದ ನಿಂಬೆಹಣ್ಣು ತಗೊಂಡರು. "ನೀನು ರಾತ್ರಿ ಎಷ್ಟು ಸಲ ಏಳ್ತೀಯೋ?" ಅಂತ ಒಬ್ಬೊಬ್ಬರನ್ನೇ ಕೇಳಿ ಬೆರಳು ಮಡಚುತ್ತಿದ್ದರು. ಇಬ್ಬರನ್ನು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದಾರಂತೆ. ಅದರಲ್ಲಿ ಒಬ್ಬರಿಗೆ ಪ್ರಾಸ್ಟೇಟ್ ಸರಿ ಇತ್ತು, ಸಕ್ಕರೆ 300 ಇತ್ತು.

ಅಮ್ಮ ಜಗುಲಿಯಿಂದ ಕೂಗಿದಳು, "ಮೆಲ್ಲಗೆ ಮಾತಾಡ್ರೀ, ಹೆಣ್ಮಕ್ಳು ಓಡಾಡೋ ದಾರಿ."

"ಓಡಾಡ್ಲಿ ಬಿಡು," ಅಂದರು ಅಪ್ಪ, "ಅವರ ಮನೇಲೂ ಗಂಡಸರು ಇರ್ತಾರೆ."